ದೋಣಿಗೆ ವಿಳಾಸವಿಲ್ಲ, ದೂರಿಗೆ ವಿಳಾಸ ಬೇಕು: ಇಂಗ್ಲೆಂಡಿನ ಕಾಲುವೆಯಲ್ಲಿ ಬದುಕಲು ಒಂದು ಕೈಪಿಡಿ

ಮೊದಲ ಕಲ್ಲು ಛಾವಣಿಗೆ ಬಿದ್ದಾಗ ಎಂಜಿನ್ನೇ ಏನೋ ಸದ್ದು ಮಾಡ್ತಿದೆ ಅಂದುಕೊಂಡೆ. ಎರಡನೆಯದು ಸೋಲಾರ್ ಪ್ಯಾನೆಲ್ ಒಡೆಯಿತು. ತಲೆ ಎತ್ತಿದರೆ ಮುಂದಿನ ಸೇತುವೆಯ ಮೇಲೆ ಐವರು ಹುಡುಗರು. ಹದಿಮೂರೋ ಹದಿನಾಲ್ಕೋ ವಯಸ್ಸಿರಬೇಕು. ನನ್ನ ದೋಣಿ 57 ಅಡಿ ಉದ್ದ. ಹೋಗ್ತಿದ್ದದ್ದು ಗಂಟೆಗೆ ಮೂರು ಮೈಲಿ, ಅಂದ್ರೆ ನಡೆಯುವವರ ವೇಗ. ಅದಕ್ಕೆ ಬ್ರೇಕ್ ಇಲ್ಲ. ಅಲ್ಲಿ ಕಾಲುವೆಯ ಅಗಲ ದೋಣಿಯ ಉದ್ದಕ್ಕಿಂತ ಕಡಿಮೆ, ಹಾಗಾಗಿ ತಿರುಗಿಸಿಕೊಂಡು ವಾಪಸ್ ಹೋಗೋ ಮಾತೇ ಇಲ್ಲ. ಕಲ್ಲು ಹಿಡಿದು ಕಾಯುತ್ತಿರುವವರ ಕಾಲ ಕೆಳಗೇ ಹಾದು ಹೋಗಬೇಕು.

ಹಾದು ಹೋದೆ. ಒಂದು ಕಲ್ಲು ಭುಜಕ್ಕೆ ಬಿತ್ತು. ಜೊತೆಗೆ ನನ್ನ ಮೈಬಣ್ಣದ ಮೇಲೊಂದು ಬೈಗುಳ. ಮುಂದಿನ ಲಾಕ್ ದಾಟಿ, ದೋಣಿ ಕಟ್ಟಿ, ಫೋನ್ ಮಾಡಿದೆ. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ: "ನಿಮ್ಮ ವಿಳಾಸ ಹೇಳಿ."

ನನಗೆ ವಿಳಾಸ ಇರಲಿಲ್ಲ. ಕಾನೂನಿನ ಪ್ರಕಾರವೇ ಇರಲಿಲ್ಲ.

ಓದೋಕೆ, ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬರುವ ನಮ್ಮ ಹುಡುಗ ಹುಡುಗಿಯರು ಇಲ್ಲಿನ ಮನೆ ಬಾಡಿಗೆ ನೋಡಿ ಕಂಗಾಲಾಗಿ "ದೋಣೀಲಿ ಇರಬಹುದಾ?" ಅಂತ ನನ್ನನ್ನ ಕೇಳ್ತಾರೆ. ಇನ್ನು ಕೆಲವರು ಗೆಳೆಯರ ಜೊತೆ ರಜೆಗೆ ಒಂದು ವಾರ ದೋಣಿ ಬಾಡಿಗೆ ಹಿಡೀತಾರೆ. ಅವರಿಗೆಲ್ಲ ಒಂದೇ ಕಡೆ ಉತ್ತರ ಸಿಗಲಿ ಅಂತ ಈ ಬರಹ. ದೋಣಿ ನಡೆಸುವುದು ಹೇಗೆ, ಪುಂಡಾಟ ಎದುರಾದಾಗ ಏನು ಮಾಡಬೇಕು, ದೂರು ಯಾರಿಗೆ ಕೊಡಬೇಕು ಅನ್ನೋದು ಇದರಲ್ಲಿದೆ. ಆ ದೂರು ಯಾಕೆ ಬಹಳ ಸಲ ಎಲ್ಲಿಗೂ ತಲುಪೋದಿಲ್ಲ ಅನ್ನೋ ರಾಜಕೀಯವೂ ಇದೆ.

ನಾಲೆಯಲ್ಲ, ನೀರಿನ ರಸ್ತೆ

ನಾನು ಮಂಡ್ಯದ ಕಡೆಯವನು. ನಮಗೆ ನಾಲೆ ಅಂದ್ರೆ ಕನ್ನಂಬಾಡಿಯಿಂದ ಬರೋ ವಿಶ್ವೇಶ್ವರಯ್ಯ ನಾಲೆ. ಗದ್ದೆಗೆ ನೀರುಣಿಸೋದು ಅದರ ಕೆಲಸ. ದೋಣಿ ತಗೊಂಡೆ ಅಂದಾಗ ಅಪ್ಪ ಫೋನಿನಲ್ಲಿ ನಕ್ಕಿದ್ದರು: "ನಾಲೆ ಏರಿ ಮೇಲೆ ಮನೆ ಕಟ್ಟಿದ್ರೇನೇ ನೀರಾವರಿ ಇಲಾಖೆಯೋರು ಬಂದು ಕೆಡವ್ತಾರೆ. ನೀನು ನಾಲೆ ಒಳಗೇ ಮನೆ ಮಾಡಿದ್ದೀಯಲ್ಲೋ!"

ಇಂಗ್ಲೆಂಡಿನ ಕಾಲುವೆಗಳ ಕಥೆ ಬೇರೆ. ಅವು ಸರಕು ಸಾಗಿಸಲೆಂದೇ ತೋಡಿದ ನೀರಿನ ರಸ್ತೆಗಳು. 1761ರಲ್ಲಿ ತೆರೆದ ಬ್ರಿಜ್‌ವಾಟರ್ ಕಾಲುವೆ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರ್ ಕಡೆಗೆ ಒಯ್ಯತೊಡಗಿತು. ದಂಡೆಯ ಹಾದಿಯಲ್ಲಿ ಕುದುರೆ ನಡೆಯುತ್ತಾ ದೋಣಿ ಎಳೆಯುತ್ತಿತ್ತು. ಆ ಹಾದಿಯನ್ನು ಇವತ್ತಿಗೂ ಟೋಪಾತ್ ಅಂತಲೇ ಕರೀತಾರೆ. ರೈಲು ಬಂತು, ಲಾರಿ ಬಂತು, ಸರಕು ಕೈಬಿಟ್ಟು ಹೋಯಿತು. 1948ರಲ್ಲಿ ಬಹುತೇಕ ಕಾಲುವೆಗಳು ರಾಷ್ಟ್ರೀಕರಣವಾದವು. 2012ರಲ್ಲಿ ಸರ್ಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗಗಳನ್ನು 'ಕೆನಾಲ್ ಅಂಡ್ ರಿವರ್ ಟ್ರಸ್ಟ್' ಎಂಬ ಚಾರಿಟಿಗೆ ಒಪ್ಪಿಸಿತು.

ಇಲ್ಲಿ ದೋಣಿ ಇಟ್ಟುಕೊಳ್ಳಲು ಮೂರು ಕಾಗದ ಬೇಕು: ಟ್ರಸ್ಟಿನ ಲೈಸೆನ್ಸ್, ವಿಮೆ, ಮತ್ತು ನಾಲ್ಕು ವರ್ಷಕ್ಕೊಮ್ಮೆ ಮಾಡಿಸಬೇಕಾದ ಸುರಕ್ಷತಾ ಪ್ರಮಾಣಪತ್ರ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ ಲೈಸೆನ್ಸಿಗೆ ಎರಡು ದಾರಿ ಇಟ್ಟಿದೆ. ಒಂದು, ದೋಣಿ ಕಟ್ಟಲು ಖಾಯಂ ಜಾಗ ತೋರಿಸಿ. ಇಲ್ಲವೇ, ಲೈಸೆನ್ಸ್ ಅವಧಿಯುದ್ದಕ್ಕೂ ನಿಜವಾಗಿ ಸಂಚರಿಸುತ್ತಿರಿ, ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲಬೇಡಿ. ಕಾಯಿಲೆ, ಮಂಜುಗಡ್ಡೆ, ಎಂಜಿನ್ ರಿಪೇರಿಯಂಥ ಸಕಾರಣ ಇದ್ದರೆ ಮಾತ್ರ ಹೆಚ್ಚು ದಿನ. ಖಾಯಂ ಜಾಗದ ಬಾಡಿಗೆ ಕೊಡಲಾಗದ ನನ್ನಂಥವರು ಎರಡನೇ ದಾರಿ ಹಿಡೀತಾರೆ. ಎರಡು ವಾರಕ್ಕೊಮ್ಮೆ ಮನೆ ಸಮೇತ ಹೊರಡ್ತೀವಿ. ಈ 14 ದಿನ ಅನ್ನೋದನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಓಡಿಸುವುದು: ನಿಧಾನವೇ ನಿಯಮ

ಇಕ್ಕಟ್ಟಾದ ಕಾಲುವೆಗಳಿಗೆ ಅಂತಲೇ ಕಟ್ಟಿದ್ದು ನ್ಯಾರೋಬೋಟ್. ಅಗಲ ಏಳು ಅಡಿಗೂ ಸ್ವಲ್ಪ ಕಡಿಮೆ, ಉದ್ದ 72 ಅಡಿವರೆಗೆ. ಓಡಿಸುವವರು ಹಿಂದಿನ ತುದಿಯಲ್ಲಿ ನಿಂತು ಚುಕ್ಕಾಣಿಯ ಹಿಡಿಯನ್ನು ಆಡಿಸಬೇಕು. ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿಯ ಮೂತಿ ಎಡಕ್ಕೆ ಹೋಗುತ್ತೆ. ಮೊದಲ ದಿನ ಎಲ್ಲರೂ ಒಂದಲ್ಲ ಒಂದು ಪೊದೆಗೆ ನುಗ್ತಾರೆ, ನಾಚಿಕೆ ಬೇಡ. ಒಂದು ಮಾತು ಮರೀಬೇಡಿ: ಪ್ರೊಪೆಲ್ಲರ್ ತಿರುಗದೇ ಇದ್ದರೆ ಚುಕ್ಕಾಣಿ ಹೆಚ್ಚುಕಮ್ಮಿ ಕೆಲಸವನ್ನೇ ಮಾಡಲ್ಲ. ಗಾಬರಿಯಾದಾಗ ನ್ಯೂಟ್ರಲ್‌ಗೆ ಹಾಕಿದರೆ ದೋಣಿ ತನಗೆ ಬೇಕಾದ ಕಡೆ ಹೋಗುತ್ತೆ.

ವೇಗದ ಮಿತಿ ಗಂಟೆಗೆ 4 ಮೈಲಿ. ಎದುರು ದೋಣಿ ಬಂದರೆ ಬಲಕ್ಕೆ ಸರಿಯಿರಿ, ನಮ್ಮ ರಸ್ತೆಯ ಅಭ್ಯಾಸಕ್ಕೆ ಇದು ಉಲ್ಟಾ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕ ಹೋಗುವಾಗ ಎಂಜಿನ್ನನ್ನು ಅತಿ ನಿಧಾನಕ್ಕೆ ಇಳಿಸಿ. ನೀವು ವೇಗವಾಗಿ ಹೋದರೆ ನೀರಿನ ಸೆಳೆತಕ್ಕೆ ಅವರ ಗೂಟ ಕಿತ್ತು ಬರುತ್ತೆ, ಒಲೆ ಮೇಲಿನ ಚಹಾ ನೆಲಕ್ಕೆ ಚೆಲ್ಲುತ್ತೆ.

ಏರಿಳಿತ ಇರುವ ಕಡೆ ಲಾಕ್ ಇರುತ್ತೆ. ಎರಡು ತುದಿಗೂ ಗೇಟು ಇರುವ ಕಲ್ಲಿನ ತೊಟ್ಟಿ ಅದು. ದೋಣಿ ಒಳಗೆ ತಂದು, ಗೇಟು ಮುಚ್ಚಿ, ತೂಬು ಎತ್ತಿ ನೀರು ತುಂಬಿಸಿದರೆ ದೋಣಿ ಮೇಲೇರುತ್ತೆ, ನೀರು ಬಿಟ್ಟರೆ ಕೆಳಗಿಳಿಯುತ್ತೆ. ನಮ್ಮ ಕೆರೆಯ ತೂಬು ನೋಡಿದವರಿಗೆ ಇದು ಅರ್ಥವಾಗೋದು ಕಷ್ಟವಲ್ಲ. ಇಲ್ಲಿ ಆ ತೂಬಿಗೆ ಪ್ಯಾಡಲ್ ಅಂತಾರೆ. ಅದನ್ನ ಎತ್ತೋ ಕಬ್ಬಿಣದ ಹಿಡಿಗೆ ವಿಂಡ್‌ಲಾಸ್ ಅಂತ ಹೆಸರು. ಲಾಕಿನಲ್ಲಿ ನಾಲ್ಕು ಎಚ್ಚರಿಕೆ:

ಒಂದು, ಇಳಿಯುವಾಗ ದೋಣಿಯ ಹಿಂಭಾಗ ಮೇಲಿನ ಗೇಟಿನ ಬುಡದಲ್ಲಿರುವ ಹೊಸಿಲಿನ ಮೇಲೆ ಕೂರದಂತೆ ಮುಂದಕ್ಕಿಟ್ಟುಕೊಳ್ಳಿ. ಗೋಡೆಯ ಮೇಲೆ ಬಿಳಿ ಗುರುತು ಇರುತ್ತೆ. ಹೊಸಿಲ ಮೇಲೆ ಕೂತ ದೋಣಿ ಮೂತಿ ತಗ್ಗಿಸಿ ನಿಮಿಷಗಳಲ್ಲಿ ಮುಳುಗಬಹುದು.

ಎರಡು, ಇಳಿಯುವಾಗ ಹಗ್ಗವನ್ನು ಬಿಗಿದು ಗಂಟು ಹಾಕಬೇಡಿ. ಕಂಬಕ್ಕೆ ಒಂದು ಸುತ್ತು ಹಾಕಿ ಕೈಯಲ್ಲೇ ಹಿಡಿದು, ಇಳಿದಂತೆ ಸಡಿಲಿಸಿ.

ಮೂರು, ವಿಂಡ್‌ಲಾಸನ್ನು ಅದರ ಜಾಗದಲ್ಲೇ ಸಿಕ್ಕಿಸಿ ಬಿಟ್ಟು ಹೋಗಬೇಡಿ. ಹಲ್ಲು ತಪ್ಪಿದರೆ ಅದು ಗಿರಗಿರ ತಿರುಗಿ ಹಾರುತ್ತೆ. ಕೈ, ದವಡೆ ಮುರಿಯುವ ಪೆಟ್ಟದು.

ನಾಲ್ಕು, ಹೊರಡುವ ಮುನ್ನ ಎಲ್ಲ ತೂಬು ಪೂರ್ತಿ ಇಳಿದಿದೆಯಾ ನೋಡಿ.

ಪ್ರೊಪೆಲ್ಲರ್‌ಗೆ ಪ್ಲಾಸ್ಟಿಕ್, ಬಟ್ಟೆ, ತಂತಿ ಸುತ್ತಿಕೊಳ್ಳೋದು ಊರೊಳಗಿನ ಕಾಲುವೆಗಳಲ್ಲಿ ನಿತ್ಯದ ಗೋಳು. ಬಿಡಿಸೋಕೆ ಎಂಜಿನ್ ಕೋಣೆಯಲ್ಲೇ ಒಂದು ಮುಚ್ಚಳ ಇರುತ್ತೆ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆಯೇ ನೀರಿಗೆ ಕೈ ಹಾಕಿ. ಮುಚ್ಚಳ ಮತ್ತೆ ಬಿಗಿಯಾಗಿ ಹಾಕಿ, ಇಲ್ಲದಿದ್ದರೆ ದೋಣಿಯೊಳಗೆ ನೀರು ನುಗ್ಗುತ್ತೆ. ಆಮೇಲೆ ಸೋಪಿನಿಂದ ಕೈ ತೊಳೀರಿ. ನಮ್ಮಲ್ಲಿ ಮಳೆಗಾಲದಲ್ಲಿ ಕಾಡುವ ಇಲಿಜ್ವರ ಈ ನೀರಿನಲ್ಲೂ ಇದೆ.

ಕಟ್ಟುವುದು: ಜಾಗ ನೋಡಿ, ಹಗ್ಗ ನೋಡಿ

ಪುಂಡಾಟದಿಂದ ಪಾರಾಗುವ ಮುಕ್ಕಾಲು ಪಾಲು ಕೆಲಸ ಜಾಗ ಆರಿಸೋದರಲ್ಲೇ ಮುಗಿಯುತ್ತೆ. ಬೇರೆ ದೋಣಿಗಳಿರುವ ಕಡೆ ಕಟ್ಟಿ. ಒಂಟಿ ದೋಣಿಯನ್ನು ನೋಡಿದರೆ ಯಾರಿಗಾದರೂ ಧೈರ್ಯ ಬರುತ್ತೆ. ಸೇತುವೆಯ ಕೆಳಗೆ, ಸುರಂಗದಾರಿಯ ಬಾಯಲ್ಲಿ, ಕಾರ್ ಪಾರ್ಕಿನ ಮಗ್ಗುಲಲ್ಲಿ ಬೇಡ. ದಂಡೆ ನೋಡಿ: ಒಡೆದ ಗಾಜು, ಸುಟ್ಟ ನೆಲ, ಬೀರ್ ಕ್ಯಾನು ಇದ್ದರೆ ಸಂಜೆ ಅಲ್ಲಿ ಜನ ಸೇರ್ತಾರೆ ಅಂತ ಲೆಕ್ಕ. ಮುಂದೆ ಎಲ್ಲಿ ಕಟ್ಟಬಹುದು ಅಂತ ಎದುರು ಬಂದ ದೋಣಿಯವರನ್ನು ಕೇಳಿ. ಅವರು ನಿನ್ನೆ ರಾತ್ರಿ ಅಲ್ಲೇ ಮಲಗಿದ್ದವರು, ನಕ್ಷೆಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತೆ.

ತೊಂದರೆ ಇದೆ ಅಂತ ಹೆಸರಾದ ಪಟ್ಟಣದ ಪಟ್ಟಿ ದಾಟೋದಿದ್ದರೆ ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಮುಗಿಸಿ. ಶಾಲೆ ಇರುವ ದಿನ ಒಳ್ಳೇದು. ಬೇಸಿಗೆ ರಜೆಯ ಬಿಸಿಲಿನ ಸಂಜೆ ಅತಿ ಕೆಟ್ಟದ್ದು. ಲೀಡ್ಸ್ ಅಂಡ್ ಲಿವರ್‌ಪೂಲ್, ಹಡರ್ಸ್‌ಫೀಲ್ಡ್ ನ್ಯಾರೋದಂಥ ಕಾಲುವೆಗಳ ಕೆಲವು ಲಾಕುಗಳಿಗೆ ಬೀಗ ಇರುತ್ತೆ. ಅದಕ್ಕೆ ಬೇಕಾದ ಆಂಟಿ ವ್ಯಾಂಡಲ್ ಕೀ ಅನ್ನು ಮೊದಲೇ ಕೊಂಡಿಟ್ಟುಕೊಳ್ಳಿ.

ಹಗ್ಗದ ವಿಷಯ. ದಂಡೆಯಲ್ಲಿ ಕಬ್ಬಿಣದ ಉಂಗುರ ಇದ್ದರೆ ಅದಕ್ಕೇ ಕಟ್ಟಿ. ಕಬ್ಬಿಣದ ತಗಡಿನ ಅಂಚು ಇದ್ದರೆ ಕೊಕ್ಕೆ ಸಿಕ್ಕಿಸಿ. ಮಣ್ಣಿಗೆ ಬಡಿಯೋ ಗೂಟ ಕೊನೆಯ ಆಯ್ಕೆ, ಅದನ್ನ ಕೀಳೋದು ಸುಲಭ. ಹಗ್ಗವನ್ನು ಉಂಗುರದಲ್ಲಿ ತೂರಿಸಿ ವಾಪಸ್ ದೋಣಿಗೆ ತಂದು, ಗಂಟನ್ನು ದೋಣಿಯ ಮೇಲೆಯೇ ಹಾಕಿ. ಆಗ ದಂಡೆಯ ಮೇಲೆ ನಿಂತವರ ಕೈಗೆ ಗಂಟು ಸಿಗೋದಿಲ್ಲ. ಛಾವಣಿಯ ಮೇಲೆ ಸೈಕಲ್, ಸೌದೆ, ಗಿಡದ ಕುಂಡ ಚೆಂದ ಕಾಣುತ್ತವೆ. ಆದರೆ ಊರೊಳಗೆ ಅವು ನೀರಿಗೆ ಬೀಳೋ ಸಾಮಾನು. ಒಳಗೆ ತಗೊಂಡು ಹೋಗಿ.

ಕಲ್ಲು ಬಿದ್ದರೆ, ಬಾಗಿಲು ಬಡಿದರೆ

ಸೇತುವೆ ಮೇಲೆ ಗುಂಪು ಕಂಡರೆ ನೀವೇ ಮೊದಲು ಕೈ ಬೀಸಿ ಹಲೋ ಅನ್ನಿ. ಹತ್ತರಲ್ಲಿ ಎಂಟು ಸಲ ಅಲ್ಲಿಗೇ ಮುಗಿಯುತ್ತೆ ಅನ್ನೋದು ನನ್ನ ಅನುಭವ. ಲಾಕಿನ ಹತ್ತಿರ ಮಕ್ಕಳು ಸುತ್ತಿಕೊಂಡರೆ ಗದರಬೇಡಿ, ಗೇಟು ತಳ್ಳೋಕೆ ಕರೀರಿ. ಬೆನ್ನು ಕೊಟ್ಟು ಟನ್‌ಗಟ್ಟಲೆ ಮರವನ್ನು ಕದಲಿಸೋದು ಯಾರಿಗಾದರೂ ಖುಷಿಯ ಕೆಲಸ. ಆದರೆ ವಿಂಡ್‌ಲಾಸ್ ಮಾತ್ರ ಅವರ ಕೈಗೆ ಕೊಡಬೇಡಿ. ನೀರು ಏರಿಳಿಯುವಾಗ ತೂಬಿನ ಹತ್ತಿರ ನಿಮ್ಮವರೊಬ್ಬರು ನಿಂತಿರಲಿ.

ಕಲ್ಲು ಬಿದ್ದೇ ಬಿಟ್ಟರೆ: ನಿಲ್ಲಬೇಡಿ, ಬೈಯಬೇಡಿ, ದಂಡೆಗೆ ಹಾರಿ ಓಡಿಸಿಕೊಂಡು ಹೋಗಬೇಡಿ. ಜೊತೆಗಿದ್ದವರನ್ನು ಒಳಗೆ ಕಳಿಸಿ, ಪಕ್ಕದ ಬಾಗಿಲು ಮುಚ್ಚಿಸಿ. ನೀವು ಮೆಟ್ಟಿಲಿನೊಳಕ್ಕೆ ಇಳಿದು ತಗ್ಗಿ ನಿಂತು, ಅದೇ ವೇಗದಲ್ಲಿ ಮುಂದೆ ಹೋಗ್ತಾ ಇರಿ. ವೇಗ ಹೆಚ್ಚಿಸಿದರೆ ಇಕ್ಕಟ್ಟಿನಲ್ಲಿ ದೋಣಿ ಹಿಡಿತ ತಪ್ಪುತ್ತೆ.

ರಾತ್ರಿ ಯಾರೋ ಛಾವಣಿ ಹತ್ತಿದರೆ, ಕಿಟಕಿ ಬಡಿದರೆ, ಒಬ್ಬರೇ ಹೊರಗೆ ಹೋಗಬೇಡಿ. ಹೊರಗಿನ ದೀಪ ಹಾಕಿ, ಒಳಗಿನಿಂದಲೇ ವಿಡಿಯೋ ಮಾಡಿ, 999ಕ್ಕೆ ಫೋನ್ ಮಾಡಿ. ಪಕ್ಕದ ದೋಣಿಯವರ ನಂಬರನ್ನು ಸಂಜೆಯೇ ಪಡೆದುಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತೆ.

ಬೆಳಗಾಗೋದರೊಳಗೆ ಕಾಲುವೆಯ ನೀರೇ ಖಾಲಿಯಾಗಿ ದೋಣಿ ಕೆಸರಿನಲ್ಲಿ ವಾಲಿಕೊಂಡಿದ್ದರೆ, ಎರಡು ಲಾಕುಗಳ ನಡುವಿನ ನೀರನ್ನು ಯಾರೋ ಬಿಟ್ಟಿದ್ದಾರೆ ಅಂತ ಅರ್ಥ. ಮೊದಲು ಹಗ್ಗ ಸಡಿಲಿಸಿ, ಇಲ್ಲದಿದ್ದರೆ ದೋಣಿ ಹಗ್ಗಕ್ಕೆ ನೇತು ಬೀಳುತ್ತೆ. ಗ್ಯಾಸ್ ಆಫ್ ಮಾಡಿ. ಎಂಜಿನ್ ಹಾಕಬೇಡಿ. ಟ್ರಸ್ಟಿಗೆ ಫೋನ್ ಮಾಡಿ. ಮೇಲಿನ ಲಾಕಿನ ತೂಬನ್ನು ನೀವೇ ಎತ್ತಿ ನೀರು ತುಂಬಿಸೋ ಆತುರ ಬೇಡ, ಹಾಗೆ ಮಾಡಿದರೆ ಮೇಲಿರುವವರ ದೋಣಿ ಕೆಸರಿಗೆ ಕೂರಬಹುದು.

ದೂರು: ಯಾರಿಗೆ, ಹೇಗೆ

ಪ್ರಾಣಕ್ಕೆ ಅಪಾಯ, ಅಥವಾ ಅಪರಾಧ ಆ ಕ್ಷಣವೇ ನಡೀತಿದೆ ಅಂದ್ರೆ 999. ನಡೆದು ಹೋಗಿದ್ದರೆ 101, ಇಲ್ಲವೇ ಆ ಪ್ರದೇಶದ ಪೊಲೀಸರ ವೆಬ್‌ಸೈಟ್. ಲಾಕ್, ಗೇಟು, ನೀರಿಗೆ ಸಂಬಂಧಿಸಿದ್ದಾದರೆ ಟ್ರಸ್ಟಿಗೂ ಹೇಳಿ. ಎರಡೂ ಕಡೆ ಹೇಳೋದೇ ಒಳ್ಳೇದು.

ವಿಳಾಸ ಕೇಳಿದರೆ ಸೇತುವೆಯ ನಂಬರ್ ಹೇಳಿ. ಕಾಲುವೆಯ ಸೇತುವೆಗಳಿಗೆ ನಂಬರಿನ ಫಲಕ ಇರುತ್ತೆ. ಕಾಲುವೆಯ ಹೆಸರು, ಸೇತುವೆ ನಂಬರ್, ಹತ್ತಿರದ ರಸ್ತೆ, ಈ ಮೂರನ್ನು ದೋಣಿ ಕಟ್ಟಿದ ಕೂಡಲೇ ಬರೆದಿಟ್ಟುಕೊಳ್ಳೋದು ಅಭ್ಯಾಸವಾಗಲಿ. ನಡುರಾತ್ರಿ ಗಾಬರಿಯಲ್ಲಿ ಅದು ನೆನಪಾಗೋದಿಲ್ಲ. ಸಮಯ, ಎಷ್ಟು ಜನ, ಏನಾಯ್ತು, ಫೋಟೋ ಎಲ್ಲ ಇಟ್ಟುಕೊಳ್ಳಿ. ಫೋನ್ ಇಡುವ ಮುನ್ನ ರೆಫರೆನ್ಸ್ ನಂಬರ್ ಕೇಳಿ ಪಡೆಯಿರಿ.

ಬಣ್ಣದ, ಧರ್ಮದ ಬೈಗುಳ ಇದ್ದರೆ ಅದನ್ನ ಬಾಯಿಬಿಟ್ಟು ಹೇಳಿ. 1999ರ ಮ್ಯಾಕ್‌ಫರ್ಸನ್ ವರದಿಯ ನಂತರ ಇಲ್ಲಿ ಒಪ್ಪಿಕೊಂಡಿರುವ ಅರ್ಥ ಏನೆಂದರೆ, ತೊಂದರೆಗೊಳಗಾದವರಿಗೋ ಬೇರೆ ಯಾರಿಗೋ ಅದು ಜನಾಂಗೀಯ ಅನ್ನಿಸಿದರೆ ಅದು ಜನಾಂಗೀಯ ಘಟನೆಯೇ. "ಹುಡುಗರು, ಬಿಡಿ" ಅಂತ ನಾವೇ ನುಂಗಿಕೊಂಡರೆ ಅದು ಯಾವ ದಾಖಲೆಗೂ ಸೇರೋದಿಲ್ಲ. ನಾನು ಮೊದಲ ಸಲ ನುಂಗಿಕೊಂಡಿದ್ದೆ.

ಮೂರು ದೂರು, ಮೂರು ಊರು

ಈಗ ಆ 14 ದಿನದ ಲೆಕ್ಕಕ್ಕೆ ಬರೋಣ. 2014ರ ಕಾಯ್ದೆಯೊಂದರ ಪ್ರಕಾರ, ಯಾರಿಗಾದರೂ ಕಿರುಕುಳ, ಭಯ ಅಥವಾ ಸಂಕಟ ಉಂಟುಮಾಡುವ ನಡವಳಿಕೆಯೇ ಸಮಾಜವಿರೋಧಿ ವರ್ತನೆ. ಅದೇ ಕಾಯ್ದೆ ನಾಗರಿಕರಿಗೆ ಒಂದು ಹಕ್ಕು ಕೊಟ್ಟಿದೆ. ದೂರು ಕೊಟ್ಟೂ ಏನೂ ಆಗದಿದ್ದರೆ, ಪೊಲೀಸರು, ಕೌನ್ಸಿಲ್ ಎಲ್ಲ ಒಟ್ಟಿಗೆ ಕೂತು ಪ್ರಕರಣವನ್ನು ಮರುಪರಿಶೀಲಿಸಬೇಕು ಅಂತ ಕೇಳಬಹುದು. ಮೊದಲು ಇದಕ್ಕೆ ಕಮ್ಯುನಿಟಿ ಟ್ರಿಗರ್ ಅಂತಿದ್ದರು. ಎಷ್ಟು ದೂರು ಬೇಕು ಅನ್ನೋದನ್ನ ಆಯಾ ಪ್ರದೇಶ ತೀರ್ಮಾನಿಸುತ್ತೆ, ಆದರೆ ಆರು ತಿಂಗಳಲ್ಲಿ ಮೂರು ದೂರಿಗಿಂತ ಹೆಚ್ಚು ಕೇಳುವಂತಿಲ್ಲ.

ಒಳ್ಳೆಯ ಕಾನೂನು. ಆದರೆ ಇದನ್ನ ಬರೆದವರ ಕಣ್ಣ ಮುಂದೆ ಇದ್ದದ್ದು ಮನೆ. ಗೋಡೆ ಇರುವ, ನಂಬರ್ ಇರುವ, ಅಲ್ಲೇ ಇರುವ ಮನೆ. ಪಕ್ಕದ ಮನೆಯವನ ಗಲಾಟೆ ಬಗ್ಗೆ ಮೂರು ಸಲ ದೂರು ಕೊಡಬಹುದು. ನನ್ನ ಮೂರು ದೂರು ಮೂರು ಊರಿನಲ್ಲಿವೆ. ಕಲ್ಲು ಬಿದ್ದದ್ದು ಒಂದು ಕೌನ್ಸಿಲ್‌ನಲ್ಲಿ, ಹಗ್ಗ ಬಿಚ್ಚಿದ್ದು ಇನ್ನೊಂದರಲ್ಲಿ, ಕಿಟಕಿ ಒಡೆದದ್ದು ಮತ್ತೊಂದರಲ್ಲಿ. ಒಂದೊಂದು ಕಡೆಯೂ ನನ್ನದು ಮೊದಲ ದೂರೇ. ಎರಡನೆಯದು ಕೊಡೋ ಹೊತ್ತಿಗೆ ಅಲ್ಲಿಂದ ಹೊರಡಬೇಕು, ಇಲ್ಲದಿದ್ದರೆ ನನ್ನ ಲೈಸೆನ್ಸಿಗೇ ಕುತ್ತು. ಒಂದು ಕಡೆ "ಇದು ಕಾಲುವೆಯವರದು" ಅಂದರು, ಕಾಲುವೆಯವರು "ಇದು ಪೊಲೀಸರದು" ಅಂದರು. ಒಬ್ಬರಂತೂ ಸೌಜನ್ಯದಿಂದಲೇ ಕೇಳಿದರು: "ನೀವು ಈಗ ಅಲ್ಲಿಲ್ಲವಲ್ಲ, ಇನ್ನು ಸಮಸ್ಯೆ ಮುಗಿದ ಹಾಗೇ ಅಲ್ವಾ?"

ಇನ್ನೊಂದು ಮಗ್ಗುಲು ನೋಡಿ. ನನ್ನ ದೋಣಿಯ ಮೈಮೇಲೆ ಒಂದು ನೋಂದಣಿ ಸಂಖ್ಯೆ ಇದೆ. ದೋಣಿ ಎಲ್ಲಿ, ಯಾವತ್ತು ಕಂಡಿತು ಅಂತ ದಂಡೆಯಲ್ಲಿ ಓಡಾಡುವ ಸಿಬ್ಬಂದಿ ಬರೆದುಕೊಳ್ತಾರೆ. ಅಂದ್ರೆ ನನ್ನ ಮೇಲಿನ ದೂರುಗಳು ದೋಣಿಯ ಜೊತೆ ಊರಿಂದೂರಿಗೆ ಬರುತ್ತವೆ, ನಾನು ಕೊಟ್ಟ ದೂರುಗಳು ಕೊಟ್ಟ ಊರಲ್ಲೇ ಉಳಿಯುತ್ತವೆ. ಚಲಿಸುವವರನ್ನು ಲೆಕ್ಕ ಇಡೋಕೆ ವ್ಯವಸ್ಥೆ ಇದೆ, ಅವರ ಮಾತನ್ನ ಲೆಕ್ಕಕ್ಕೆ ತಗೊಳ್ಳೋಕೆ ಇಲ್ಲ.

ಇದು ಹೊಸದೂ ಅಲ್ಲ. 1877ರಲ್ಲೇ ಕೆನಾಲ್ ಬೋಟ್ಸ್ ಆ್ಯಕ್ಟ್ ಬಂತು. ಜನ ವಾಸಿಸುವ ಕಾಲುವೆ ದೋಣಿಗಳನ್ನು ನೋಂದಾಯಿಸಬೇಕು, ಒಳಗೆ ಎಷ್ಟು ಜನ ಮಲಗಬಹುದು ಅನ್ನೋದೂ ನಿಗದಿಯಾಗಬೇಕು ಅಂದಿತು ಅದು. ಮಕ್ಕಳ ಆರೋಗ್ಯ, ಓದಿನ ಕಾಳಜಿ ಅದರ ಹಿಂದೆ ಇತ್ತು, ನಿಜ. ಅಲೆಯುವವರು ಕೊಳಕರು, ಕುಡುಕರು ಎಂಬ ಅಸಹ್ಯವೂ ಇತ್ತು. ಅದಕ್ಕೆ ಆರು ವರ್ಷ ಮೊದಲು, 1871ರಲ್ಲಿ, ಅದೇ ಸಾಮ್ರಾಜ್ಯ ನಮ್ಮಲ್ಲಿ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ತಂದು ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ನಮ್ಮಲ್ಲಿ ನಡೆದದ್ದರ ಕ್ರೌರ್ಯವೇ ಬೇರೆ. ಆದರೆ ಒಂದು ಕಡೆ ನಿಲ್ಲದವರನ್ನು ಮೊದಲು ಅನುಮಾನಿಸು ಅನ್ನೋ ಬುದ್ಧಿ ಎರಡರಲ್ಲೂ ಇದೆ. ಬೆಂಗಳೂರಿನ ನೀಲಿ ಟಾರ್ಪಾಲಿನ ಕೆಳಗೆ ಮಲಗುವ ಕಟ್ಟಡ ಕಾರ್ಮಿಕರು ಠಾಣೆಗೆ ಹೋದಾಗ ಏನಾಗುತ್ತೆ ಅಂತ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಪುಂಡ ಯಾರು?

ಇಷ್ಟು ಹೇಳಿದ ಮೇಲೆ ನನ್ನದೂ ಒಂದು ಹೇಳಬೇಕು.

ಒಂದು ಬೆಳಿಗ್ಗೆ ನನ್ನ ಹಿಂದೆ, ಲಾಕಿನ ಮೇಲಿನ ಹಂತದಲ್ಲಿ ಕಟ್ಟಿದ್ದ ಹಿರಿಯ ದಂಪತಿಯ ದೋಣಿ ಕೆಸರಿಗೆ ಕೂತಿತ್ತು. ಕಪಾಟಿನ ತಟ್ಟೆ ಲೋಟ ಎಲ್ಲ ನೆಲದ ಮೇಲೆ. "ಆ ಎಸ್ಟೇಟಿನ ಹುಡುಗರದ್ದೇ ಕೆಲಸ" ಅಂದರು ಅಕ್ಕಪಕ್ಕದವರು. ನಾನೂ ತಲೆಯಾಡಿಸಿದೆ. ಹಿಂದಿನ ಸಂಜೆ ಅದೇ ಹುಡುಗರು ನನಗೆ ಗೇಟು ತಳ್ಳಿಕೊಟ್ಟಿದ್ದರು.

ಟ್ರಸ್ಟಿನ ಸ್ವಯಂಸೇವಕರೊಬ್ಬರು ಬಂದು ಲಾಕ್ ನೋಡಿದರು. ಕೆಳಗಿನ ಗೇಟಿನ ಒಂದು ತೂಬು ನಾಲ್ಕು ಬೆರಳಷ್ಟು ಮೇಲೆ ನಿಂತಿತ್ತು. ಮೇಲಿನ ಗೇಟು ಹಳೆಯದು, ಸೋರುತ್ತಿತ್ತು. ರಾತ್ರಿಯಿಡೀ ನೀರು ಹಾಗೇ ಹರಿದು ಹೋಗಿದೆ. "ಆತುರದಲ್ಲಿ ಯಾರೋ ಪೂರ್ತಿ ಇಳಿಸಿಲ್ಲ" ಅಂದರು. ಹಿಂದಿನ ಸಂಜೆ ಆ ಲಾಕ್ ಕೊನೆಗೆ ದಾಟಿದವನು ನಾನೇ. ಮಳೆ ಬರ್ತಿತ್ತು, ಕತ್ತಲಾಗ್ತಿತ್ತು, ತಿರುಗಿ ನೋಡಿರಲಿಲ್ಲ.

ಆ ದಿನ ನಾನು ಬಾಯಿ ಬಿಡಲಿಲ್ಲ. ನೀರು ತುಂಬೋಕೆ ಸಹಾಯ ಮಾಡಿದೆ, ಚಹಾ ಕುಡಿದೆ, ಹೊರಟೆ. ಹುಡುಗರ ಹೆಸರಿಗೆ ಅಂಟಿದ ಮಸಿ ಹಾಗೇ ಉಳೀತು. ವಿಳಾಸ ಇಲ್ಲದ ನನ್ನ ಮಾತನ್ನ ಯಾರೂ ಕೇಳಲ್ಲ ಅಂತ ಕೊರಗುತ್ತಿದ್ದ ನಾನು, ಬಾಯಿ ಇಲ್ಲದವರ ಮೇಲೆ ತಪ್ಪು ಹೊರಿಸಿ ಹೊರಟೆ.

ದಂಡೆಯ ಅಪಾರ್ಟ್‌ಮೆಂಟಿನವರಿಗೆ ನಾವು ಪುಂಡರು: ಹೊಗೆ, ಎಂಜಿನ್ ಸದ್ದು, ಬಟ್ಟೆ ಒಣಗಿಸೋ ಹಗ್ಗ. ಅವರ ದೂರು ಪೂರ್ತಿ ಸುಳ್ಳೂ ಅಲ್ಲ. ಬೇರೆಯವರ ಹತ್ತಿರ ಕಟ್ಟಿದಾಗ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಎಂಜಿನ್, ಜನರೇಟರ್ ಓಡಿಸಬಾರದು ಅನ್ನೋದು ಲೈಸೆನ್ಸಿನ ಷರತ್ತು. ಒಣ ಸೌದೆ, ಹೊಗೆ ಕಡಿಮೆ ಇರುವ ಇಂಧನ ಉರಿಸಿ. ದಂಡೆಯ ಹಾದಿಗೆ ಅಡ್ಡಲಾಗಿ ಹಗ್ಗ ಹಾಯಿಸಬೇಡಿ, ಸೈಕಲ್ಲಿನವರು ಬೀಳ್ತಾರೆ. ನಮಗೆ ಗೌರವ ಬೇಕಿದ್ದರೆ ಇದಿಷ್ಟು ನಮ್ಮ ಪಾಲಿನದು.

ಹಾಗಾದರೆ ಏನಾಗಬೇಕು?

ಕಾಲುವೆಗೆ ಅತ್ಯುತ್ತಮ ಬೀಗ ಅಂದ್ರೆ ಜನ. ದೋಣಿಗಳು, ಮೀನು ಹಿಡಿಯುವವರು, ನಾಯಿ ಅಡ್ಡಾಡಿಸುವವರು ಇರುವ ಕಡೆ ಕಲ್ಲು ಕಡಿಮೆ. ಆದರೆ ನೀತಿಗಳು ಹೋಗ್ತಿರೋದು ಎದುರು ದಿಕ್ಕಿಗೆ. 2024ರ ಏಪ್ರಿಲ್‌ನಿಂದ ಖಾಯಂ ಜಾಗ ಇಲ್ಲದ ದೋಣಿಗಳ ಲೈಸೆನ್ಸಿಗೆ ಹೆಚ್ಚುವರಿ ಶುಲ್ಕ ಬಿದ್ದಿದೆ, 2028ರ ಹೊತ್ತಿಗೆ ಅದು ಹಂತ ಹಂತವಾಗಿ ಶೇ 25ಕ್ಕೆ ಏರುತ್ತೆ. ಅಲೆಮಾರಿ ದೋಣಿವಾಸಿಗಳ ಸಂಘಟನೆ ಇದನ್ನ ವಿರೋಧಿಸುತ್ತಲೇ ಇದೆ. ಟ್ರಸ್ಟ್ ಹೇಳೋದು ತನ್ನ ಬಳಿ ಹಣ ಇಲ್ಲ ಅಂತ. ಅದೂ ಸುಳ್ಳಲ್ಲ. 2023ರಲ್ಲಿ ಸರ್ಕಾರ ಘೋಷಿಸಿದಂತೆ 2027ರಿಂದ ಹತ್ತು ವರ್ಷಕ್ಕೆ ಕೊಡೋದು ಒಟ್ಟು 40 ಕೋಟಿ ಪೌಂಡ್, ಅಂದ್ರೆ ವರ್ಷಕ್ಕೆ ಸರಾಸರಿ 4 ಕೋಟಿ. ಅದಕ್ಕೆ ಮುಂಚೆ ಸಿಗುತ್ತಿದ್ದದ್ದು ವರ್ಷಕ್ಕೆ 5 ಕೋಟಿಗೂ ಹೆಚ್ಚು. ಸೋರುವ ಗೇಟು ಯಾಕೆ ಸೋರುತ್ತೆ ಅನ್ನೋದಕ್ಕೆ ಇದೂ ಒಂದು ಉತ್ತರ.

ಸೇತುವೆ ಮೇಲಿನ ಹುಡುಗರ ಕಥೆಯೂ ಬೇರೆಯಲ್ಲ. 2010ರಿಂದೀಚೆಗೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಯುವಜನ ಸೇವೆಗಳಿಗೆ ಮಾಡುವ ಖರ್ಚು, ಬೆಲೆ ಏರಿಕೆ ಲೆಕ್ಕ ಹಾಕಿದರೆ, ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಕಡಿತವಾಗಿದೆ. ಸಂಜೆ ಹೋಗೋಕೆ ಇದ್ದ ಕ್ಲಬ್ಬು ಮುಚ್ಚಿದರೆ ಹುಡುಗರಿಗೆ ಉಳಿಯೋದು ಸೇತುವೆ. ಇದರಿಂದ ನನ್ನ ಭುಜದ ನೋವು ಕಡಿಮೆಯಾಗಲ್ಲ. ಕಲ್ಲು ಹೊಡೆದದ್ದು ಸರಿ ಅಂತಲೂ ಅಲ್ಲ. ಆದರೆ ಬರೀ ಪೊಲೀಸರಿಂದ ಇದು ನಿಲ್ಲುತ್ತೆ ಅಂತ ನಂಬೋದು ಕಷ್ಟ.

ನಾನು ಕೇಳೋದು ದೊಡ್ಡದೇನಲ್ಲ. ಕಾನೂನೇ ಚಲಿಸು ಅಂತ ಹೇಳುವವರ ದೂರುಗಳನ್ನು ಊರಿನ ಗಡಿ ಮೀರಿ ಒಟ್ಟಿಗೆ ಎಣಿಸಿ. ಪೊಲೀಸರ ಅರ್ಜಿಯಲ್ಲಿ ವಿಳಾಸದ ಜಾಗದಲ್ಲಿ ಕಾಲುವೆ ಮತ್ತು ಸೇತುವೆ ನಂಬರ್ ಬರೆಯಲು ಬಿಡಿ. ಹಣ ಇದ್ದರೆ ಗೇಟು ಸರಿಮಾಡಿ, ಕ್ಲಬ್ಬು ತೆರೆಯಿರಿ. ಅಲ್ಲಿಯವರೆಗೆ ದೋಣಿಯವರು ಮಾಡಬಹುದಾದದ್ದು ಒಂದಿದೆ. ಪ್ರತಿ ಘಟನೆಗೂ ದೂರು ಕೊಡಿ, ಪ್ರತಿ ರೆಫರೆನ್ಸ್ ನಂಬರನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ. ವ್ಯವಸ್ಥೆ ಕೂಡಿಸದ ಲೆಕ್ಕವನ್ನು ನಾವೇ ಕೂಡಿಸಿ, ಆ ಪ್ರದೇಶದ ಸಂಸತ್ ಸದಸ್ಯರ ಮುಂದೆ ಇಡೋಣ.

ಮತ್ತೆ ಲಾಕ್ ದಾಟಿದಾಗ, ಮಳೆ ಬರಲಿ, ಕತ್ತಲಾಗಲಿ, ದೋಣಿ ಹತ್ತುವ ಮುನ್ನ ಒಮ್ಮೆ ಹಿಂದೆ ಹೋಗಿ ನೋಡಿ. ತೂಬು ಪೂರ್ತಿ ಇಳಿದಿದೆಯಾ? ನಾನು ಈಗ ಕೈಯಿಟ್ಟು ನೋಡ್ತೀನಿ.